‘ಮುಂದಿನ ಆದೇಶದವರೆಗೆ’ ಎಂದು ಬರೆಯುವ ಮುನ್ನ

ಸಾಂಕ್ರಾಮಿಕ ಹಬ್ಬಿದಾಗ ನಿಯಮ ಮಾಡುವುದು ಸರ್ಕಾರ ಒಂದೇ ಅಲ್ಲ. ವಸತಿ ಸಂಘ, ಹಾಸ್ಟೆಲ್, ಕಚೇರಿ, ಕಾಲೇಜು, ಹೀಗೆ ಒಂದು ಗೇಟು ಇರುವವರೆಲ್ಲ ಮಾಡುತ್ತಾರೆ. ಜನರ ದಿನನಿತ್ಯದ ಓಡಾಟಕ್ಕೆ ಹೆಚ್ಚು ಅಡ್ಡ ಬರುವುದೂ ಈ ಗೇಟಿನ ನಿಯಮಗಳೇ. ಅವು ಹೆಚ್ಚುಕಡಿಮೆ ಹೀಗಿರುತ್ತವೆ:

“ಸೋಂಕು ಹರಡುತ್ತಿರುವ ಹಿನ್ನೆಲೆಯಲ್ಲಿ ಹೊರಗಿನವರಿಗೆ ಪ್ರವೇಶ ಇರುವುದಿಲ್ಲ. ಮುಂದಿನ ಆದೇಶದವರೆಗೆ ಈ ನಿಯಮ ಜಾರಿಯಲ್ಲಿರುತ್ತದೆ. ಉಲ್ಲಂಘಿಸಿದವರ ಮೇಲೆ ಸೂಕ್ತ ಕ್ರಮ ಜರುಗಿಸಲಾಗುವುದು.”

ಮೂರು ವಾಕ್ಯ, ನಾಲ್ಕು ದೋಷ. ಹೊರಗಿನವರು ಯಾರು ಎಂದಿಲ್ಲ. ಅವರನ್ನು ತಡೆದರೆ ಸೋಂಕು ಹೇಗೆ ಇಳಿಯುತ್ತದೆ ಎಂದಿಲ್ಲ. ಯಾವತ್ತು ಮುಗಿಯುತ್ತದೆ ಎಂದಿಲ್ಲ. ‘ಸೂಕ್ತ ಕ್ರಮ’ ಎಂದರೇನು, ಅದನ್ನು ಯಾರ ಹತ್ತಿರ ಪ್ರಶ್ನಿಸಬೇಕು ಎಂದೂ ಇಲ್ಲ. ಓದಿದರೆ ಬಿಗಿಯಾಗಿದೆ ಅನ್ನಿಸುವ ಇಂಥ ಸುತ್ತೋಲೆ ನಿಜಕ್ಕೂ ಸಡಿಲ. ಗೇಟಿನಲ್ಲಿ ನಿಂತವರು ತಮಗೆ ತೋಚಿದಂತೆ ಅರ್ಥ ಮಾಡಿಕೊಳ್ಳುತ್ತಾರೆ, ಸ್ವಲ್ಪ ದಿನಕ್ಕೆ ಅದನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಆದ್ದರಿಂದ ಸುತ್ತೋಲೆಯನ್ನು ಹಿಂದಿನಿಂದ ಬರೆಯುವುದು ಒಳ್ಳೆಯದು: ಮೊದಲು ಕೊನೆಯ ದಿನ, ಆಮೇಲೆ ಕಾರಣ, ಕಟ್ಟಕಡೆಗೆ ನಿಯಮ.

ಮೊದಲು ಅಧಿಕಾರ ನೋಡಿಕೊಳ್ಳಿ

ಸರ್ಕಾರದ ಆದೇಶ ಏನು ಹೇಳುತ್ತದೆ, ನಿಮ್ಮ ಸಂಘದ ಅಥವಾ ಸಂಸ್ಥೆಯ ನಿಯಮಾವಳಿ ಏನು ಹೇಳುತ್ತದೆ ಎಂದು ಎರಡನ್ನೂ ಎದುರಿಗೆ ಇಟ್ಟುಕೊಳ್ಳಿ. ಮೆಟ್ಟಿಲು, ಲಿಫ್ಟ್, ಸಭಾಂಗಣದಂಥ ಎಲ್ಲರ ಜಾಗದಲ್ಲಿ ಹೇಗೆ ನಡೆದುಕೊಳ್ಳಬೇಕು ಎಂದು ಹೇಳುವುದು ಒಂದು. ಒಬ್ಬರ ಮನೆ ಬಾಗಿಲಿನ ಒಳಗೆ ಏನಾಗಬೇಕು ಎಂದು ಹೇಳುವುದೇ ಇನ್ನೊಂದು. ಎರಡನೆಯದಕ್ಕೆ ಕಾನೂನಿನ ಬಲ ಬೇಕು, ಸಭೆಯ ಠರಾವು ಸಾಲುವುದಿಲ್ಲ.

ಇದಕ್ಕೊಂದು ಹಳೆಯ ಒರೆಗಲ್ಲು ಇದೆ. 1984ರಲ್ಲಿ ಇಟಲಿಯ ಸಿಸಿಲಿ ದ್ವೀಪದ ಸಿರಕೂಸಾ ನಗರದಲ್ಲಿ ಸೇರಿದ್ದ ಕಾನೂನು ತಜ್ಞರು ಹಕ್ಕುಗಳನ್ನು ಯಾವಾಗ ಮೊಟಕುಗೊಳಿಸಬಹುದು ಎಂಬುದಕ್ಕೆ ತತ್ವಗಳನ್ನು ರೂಪಿಸಿದರು. ಅವುಗಳ ತಿರುಳನ್ನು ಐದು ಪ್ರಶ್ನೆ ಮಾಡಿಕೊಳ್ಳಬಹುದು. ಕಾನೂನಿನ ಆಧಾರ ಇದೆಯೇ? ಉದ್ದೇಶ ನ್ಯಾಯವಾದದ್ದೇ? ನಿಜವಾಗಿ ಅಗತ್ಯವೇ? ಇದಕ್ಕಿಂತ ಹಗುರವಾದದ್ದು ಸಾಲುವುದಿಲ್ಲವೇ? ಮನಸ್ಸಿಗೆ ಬಂದಂತೆ ಅಥವಾ ತಾರತಮ್ಯದಿಂದ ಜಾರಿಯಾಗುವ ಸಾಧ್ಯತೆ ಇದೆಯೇ? ಹೆಚ್ಚಿನ ನಿಯಮಗಳು ಸೋಲುವುದು ನಾಲ್ಕನೆಯ ಪ್ರಶ್ನೆಯಲ್ಲಿ.

ರೋಗ ಹೇಗೆ ಹರಡುತ್ತದೆ ಎಂಬುದೇ ನಿಯಮದ ಅಳತೆ

ಕರಡು ಬರೆಯುವ ಮೊದಲು ನಾಲ್ಕು ಸಂಗತಿ ಹಾಳೆಯ ಮೇಲಿರಲಿ: ಸೋಂಕು ದಾಟುವ ದಾರಿ, ತಗುಲಿದ ದಿನದಿಂದ ಲಕ್ಷಣ ಕಾಣುವವರೆಗಿನ ಸುಪ್ತಾವಧಿ, ಒಬ್ಬರು ಇನ್ನೊಬ್ಬರಿಗೆ ಹರಡಲು ಶುರುಮಾಡುವ ದಿನ, ಹರಡುವುದು ನಿಲ್ಲುವ ದಿನ. ಇವು ರೋಗದಿಂದ ರೋಗಕ್ಕೆ ಬೇರೆ. ಕಾಲರಾಕ್ಕೆ ನೀರೇ ಮುಖ್ಯ ದಾರಿ. ಅಲ್ಲಿ ಮಾಸ್ಕ್ ಕಡ್ಡಾಯ ಮಾಡಿ ಟ್ಯಾಂಕ್ ತೊಳೆಯದಿದ್ದರೆ ಏನೂ ಮಾಡಿದಂತಾಗಲಿಲ್ಲ.

ಹಣೆಗೆ ಹಿಡಿದು ಜ್ವರ ನೋಡುವ ಥರ್ಮಲ್ ಗನ್ ಇದಕ್ಕೆ ಒಳ್ಳೆಯ ಪಾಠ. 2003ರಲ್ಲಿ ಹಬ್ಬಿದ ಉಸಿರಾಟದ ರೋಗ ಸಾರ್ಸ್‌ನಲ್ಲಿ ರೋಗಿ ಸೋಂಕು ಹರಡುತ್ತಿದ್ದುದು ಲಕ್ಷಣಗಳು ಕಂಡ ಮೇಲೆ. ಹೀಗಾಗಿ ಜ್ವರ ಬಂದವರನ್ನು ಹುಡುಕಿ ಬೇರೆ ಇಡುವುದು ಫಲ ಕೊಟ್ಟಿತು. ಕೋವಿಡ್‌ನಲ್ಲಿ ಲಕ್ಷಣ ಕಾಣುವ ಒಂದೆರಡು ದಿನ ಮೊದಲೇ ಹರಡಲು ಶುರು, ಕೆಲವರಿಗೆ ಲಕ್ಷಣವೇ ಇಲ್ಲ. ಹಣೆಗೆ ಗನ್ ಹಿಡಿದರೆ ಅವರೆಲ್ಲ ಸಲೀಸಾಗಿ ಒಳಗೆ ಬರುತ್ತಾರೆ. ಬಿಸಿಲಲ್ಲಿ ನಡೆದು ಬಂದವರು ಸಿಕ್ಕಿಬೀಳುತ್ತಾರೆ, ಜ್ವರದ ಮಾತ್ರೆ ನುಂಗಿ ಬಂದವರು ಪಾರಾಗುತ್ತಾರೆ. ಜನರ ಮೈಮೇಲೆ ಸೋಂಕುನಾಶಕ ಸಿಂಪಡಿಸುವ ಸುರಂಗಗಳಂತೂ ಬೇಡವೇ ಬೇಡ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲೇ ಯಾವ ಸಂದರ್ಭದಲ್ಲೂ ಅದನ್ನು ಮಾಡಬಾರದು ಎಂದಿತ್ತು. ಕಣ್ಣು, ಚರ್ಮ, ಶ್ವಾಸಕೋಶಕ್ಕೆ ತೊಂದರೆ. ದೇಹದೊಳಗಿನ ವೈರಸ್ಸಿಗೆ ಏನೂ ಆಗದು.

ಕ್ವಾರಂಟೈನ್ ದಿನಗಳೂ ಸುಪ್ತಾವಧಿಯಿಂದಲೇ ಹುಟ್ಟಬೇಕು. ಕೋವಿಡ್‌ನ ಮೊದಲ ತಳಿಯಲ್ಲಿ ಲಕ್ಷಣ ಕಾಣಲು ಸರಾಸರಿ 5 ದಿನ ಬೇಕಾಗುತ್ತಿತ್ತು. ಲಕ್ಷಣ ಬರುವವರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ 12 ದಿನದೊಳಗೆ ಬಂದಿರುತ್ತಿತ್ತು. 14 ದಿನ ಬಂದದ್ದು ಈ ಲೆಕ್ಕದಿಂದ. ಒಮಿಕ್ರಾನ್ ತಳಿ ಬಂದಾಗ ಸರಾಸರಿ 3 ದಿನದ ಆಸುಪಾಸಿಗೆ ಇಳಿಯಿತು. ತಳಿ ಬದಲಾದರೂ ಹಳೆಯ ಸಂಖ್ಯೆಯನ್ನೇ ಹಿಡಿದು ಕೂತರೆ ಜನರ ದಿನಗಳನ್ನು ಸುಮ್ಮನೆ ತಿಂದಂತೆ. ಎಣಿಕೆ ಶುರುವಾಗುವುದು ಸೋಂಕಿತರ ಜೊತೆಗಿನ ಕೊನೆಯ ಸಂಪರ್ಕದ ದಿನದಿಂದ, ನೋಟಿಸ್ ಕೈಗೆ ಬಂದ ದಿನದಿಂದ ಅಲ್ಲ. ಐದು ದಿನ ತಡವಾಗಿ ನೋಟಿಸ್ ಕೊಟ್ಟು ಅಲ್ಲಿಂದ ಹೊಸದಾಗಿ 14 ಎಣಿಸುವುದು ಸಾಮಾನ್ಯ ತಪ್ಪು.

ಸಭಾಂಗಣ ಮುಚ್ಚುವ ಮೊದಲು ಗಾಳಿ ಅಳೆಯಿರಿ

ಗಾಳಿಯಲ್ಲಿ ಹರಡುವ ಸೋಂಕಾದರೆ ಮೊದಲು ಬಾಗಿಲಿಗೆ ಬೀಗ ಹಾಕುವುದು ರೂಢಿ. ಯಾರ ಸ್ವಾತಂತ್ರ್ಯವನ್ನೂ ಮುಟ್ಟದ ದಾರಿ ಕಿಟಕಿ. ಲೆಕ್ಕ ಕಷ್ಟದ್ದಲ್ಲ.

10 ಮೀಟರ್ ಉದ್ದ, 6 ಮೀಟರ್ ಅಗಲ, 3 ಮೀಟರ್ ಎತ್ತರದ ಕೋಣೆಯಲ್ಲಿ 180 ಘನ ಮೀಟರ್ ಗಾಳಿ ಇರುತ್ತದೆ. ಗಂಟೆಗೆ 5 ಸಲ ಆ ಗಾಳಿ ಬದಲಾದರೆ 900 ಘನ ಮೀಟರ್, ಅಂದರೆ ಸೆಕೆಂಡಿಗೆ 250 ಲೀಟರ್. ತಲೆಗೆ ಸೆಕೆಂಡಿಗೆ 10 ಲೀಟರ್ ಹೊಸ ಗಾಳಿ ಇರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2021ರ ಸಲಹೆ. ಹಾಗಾದರೆ ಅಲ್ಲಿ 25 ಜನ ಕೂರಬಹುದು. ಅದೇ ಕೋಣೆಯ ಕಿಟಕಿ ಮುಚ್ಚಿ, ಗಂಟೆಗೆ ಅರ್ಧ ಸಲ ಮಾತ್ರ ಗಾಳಿ ಬದಲಾಗುತ್ತದೆ ಎಂದು ಹಿಡಿದರೆ ಸೆಕೆಂಡಿಗೆ 25 ಲೀಟರ್. ಇಬ್ಬರಿಗೆ ಸಾಕು, ಮೂರನೆಯವರಿಗೆ ಇಲ್ಲ. ‘ಗರಿಷ್ಠ 50 ಜನ’ ಎಂಬ ನಿಯಮ ಕೋಣೆ ನೋಡದೆ ಬರೆದದ್ದು ಎಂದು ಇಲ್ಲಿ ಗೊತ್ತಾಗುತ್ತದೆ.

ಎದುರುಬದುರು ಇರುವ ಎರಡು ಕಿಟಕಿ ತೆರೆಯಿರಿ, ಒಂದರಲ್ಲಿ ಫ್ಯಾನನ್ನು ಹೊರಮುಖವಾಗಿ ಇಡಿ. ಗೋಡೆಯ ಮೇಲಿನ ಸ್ಪ್ಲಿಟ್ ಎಸಿ ಸಾಮಾನ್ಯವಾಗಿ ಒಳಗಿನ ಗಾಳಿಯನ್ನೇ ತಂಪು ಮಾಡಿ ಮತ್ತೆ ಬಿಡುತ್ತದೆ, ಹೊಸ ಗಾಳಿ ತರುವುದಿಲ್ಲ. ನಾವು ಹೊರಬಿಡುವ ಉಸಿರಿನಲ್ಲಿರುವ ಇಂಗಾಲದ ಡೈಆಕ್ಸೈಡ್ ಅಳೆಯುವ ಮೀಟರ್ ಸಿಕ್ಕರೆ ಜನ ತುಂಬಿದ ಅರ್ಧ ಗಂಟೆಯ ನಂತರ ನೋಡಿ. ಹೊರಗಿನ ಗಾಳಿಯಲ್ಲಿ 420 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 420 ಭಾಗ) ಆಸುಪಾಸು ಇರುತ್ತದೆ. ಒಳಗೆ 800ರ ಕೆಳಗಿದ್ದರೆ ಗಾಳಿಯಾಟ ಚೆನ್ನಾಗಿದೆ ಎಂದರ್ಥ. ಮೀಟರನ್ನು ಕಿಟಕಿಯ ದಂಡೆಯ ಮೇಲಾಗಲಿ ಯಾರದೋ ಮುಖದ ಎದುರಿಗಾಗಲಿ ಇಡಬೇಡಿ. ಗಾಳಿಯ ಸಣ್ಣ ಕಣಗಳನ್ನು ಸೋಸುವ ಹೆಪಾ ಫಿಲ್ಟರ್ ಓಡುತ್ತಿದ್ದರೆ ವೈರಸ್ ಕಡಿಮೆಯಾದರೂ ಈ ಸಂಖ್ಯೆ ಇಳಿಯುವುದಿಲ್ಲ, ಏಕೆಂದರೆ ಫಿಲ್ಟರ್ ಆ ಅನಿಲವನ್ನು ಹಿಡಿಯದು. ಎರಡು ಸಭೆಗಳ ನಡುವೆ ಬಿಡುವಿರಲಿ: ಗಂಟೆಗೆ 5 ಸಲ ಬದಲಾಗುವ ಗಾಳಿಯಲ್ಲಿ ತೇಲುವ ಕಣಗಳು ಅರ್ಧ ಗಂಟೆಗೆ ನೂರಕ್ಕೆ 90ರಷ್ಟು, 55 ನಿಮಿಷಕ್ಕೆ 99ರಷ್ಟು ಹೋಗುತ್ತವೆ.

ಇಷ್ಟೆಲ್ಲ ಮಾಡಿಯೂ ಸಾಲದಿದ್ದರೆ ಒಂದು ಮೆಟ್ಟಿಲು ಮೇಲೆ ಹೋಗಿ: ಒಳಗೆ ಮಾಸ್ಕ್, ಆಮೇಲೆ ಸರದಿ ಪ್ರಕಾರ ಸಮಯ, ಆಮೇಲೆ ಮುಚ್ಚುವುದು. ಬಯಲಲ್ಲಿ ನಡೆದಾಡುವ ಜಾಗಕ್ಕೆ ಬೀಗ ಹಾಕುವುದು ಕೊನೆಯ ಮೆಟ್ಟಿಲಿಗಿಂತಲೂ ಮೇಲಿನದು. ಅದರಿಂದ ಜನ ಮುಚ್ಚಿದ ಕೋಣೆಗಳಿಗೇ ಮರಳುತ್ತಾರೆ.

‘ನೆಗೆಟಿವ್ ವರದಿ ತನ್ನಿ’

ಎಲ್ಲರಿಗೂ ಪರೀಕ್ಷೆ ಕಡ್ಡಾಯ ಮಾಡುವುದು ನಿರುಪದ್ರವಿ ಎನಿಸುತ್ತದೆ. 10,000 ಜನರಲ್ಲಿ 10 ಮಂದಿಗೆ ಸೋಂಕಿದೆ ಎಂದುಕೊಳ್ಳಿ. ಪರೀಕ್ಷೆ ಸೋಂಕಿತರಲ್ಲಿ ನೂರಕ್ಕೆ 80 ಮಂದಿಯನ್ನು ಹಿಡಿಯುತ್ತದೆ, ಸೋಂಕಿಲ್ಲದವರಲ್ಲಿ ನೂರಕ್ಕೆ ಒಬ್ಬರನ್ನು ತಪ್ಪಾಗಿ ಪಾಸಿಟಿವ್ ಎನ್ನುತ್ತದೆ. ಆಗ ನಿಜವಾದ ಪಾಸಿಟಿವ್ 8, ಸುಳ್ಳು ಪಾಸಿಟಿವ್ ಸುಮಾರು 100. ಎಂಟು ಜನರಿಗಾಗಿ ನೂರು ಜನ ಕಾರಣವಿಲ್ಲದೆ ಕೋಣೆ ಸೇರುತ್ತಾರೆ. ಸೋಂಕು ಕಡಿಮೆ ಇದ್ದಾಗ ಲಕ್ಷಣ ಇರುವವರಿಗೆ, ಸೋಂಕಿತರ ಸಂಪರ್ಕಕ್ಕೆ ಬಂದವರಿಗೆ ಪರೀಕ್ಷೆ ಸಾಕು. ಪಾಸಿಟಿವ್ ಬಂದವರಿಗೆ ಎರಡನೇ ಪರೀಕ್ಷೆಯ ಅವಕಾಶ ಸುತ್ತೋಲೆಯಲ್ಲೇ ಇರಬೇಕು.

ಬಾಗಿಲು ಮುಚ್ಚಿಸಿದರೆ ಬಾಗಿಲಿಗೆ ಏನು ಬರಬೇಕು

2020ರ ಜುಲೈ 4ರಂದು ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಒಂಬತ್ತು ಸರ್ಕಾರಿ ವಸತಿ ಗೋಪುರಗಳನ್ನು ಏಕಾಏಕಿ ಮುಚ್ಚಲಾಯಿತು. ಒಳಗೆ ಸುಮಾರು 3,000 ಜನ. ಊಟ, ಔಷಧಿ ಕೂಡಿಟ್ಟುಕೊಳ್ಳಲೂ ಸಮಯ ಸಿಗಲಿಲ್ಲ. ಅಲ್ಲಿನ ವಿಕ್ಟೋರಿಯಾ ರಾಜ್ಯದಲ್ಲಿ ಸರ್ಕಾರದ ಮೇಲಿನ ದೂರು ವಿಚಾರಿಸುವ ಓಂಬುಡ್ಸ್‌ಮನ್ ಅದೇ ಡಿಸೆಂಬರ್‌ನಲ್ಲಿ ಕೊಟ್ಟ ವರದಿ ಇದು ಮಾನವ ಹಕ್ಕು ಕಾನೂನಿಗೆ ವಿರುದ್ಧ ಎಂದಿತು. ಕಟ್ಟಡ ಮುಚ್ಚುವುದಕ್ಕಿಂತ ಹೆಚ್ಚಾಗಿ ಅಲ್ಲಿ ಆಕ್ಷೇಪಕ್ಕೆ ಗುರಿಯಾದದ್ದು, ಮುನ್ಸೂಚನೆ ಇಲ್ಲದೆ ತಕ್ಷಣವೇ ಮುಚ್ಚಿದ ರೀತಿ.

ಆದ್ದರಿಂದ ಯಾರನ್ನೇ ಒಳಗೆ ಇರಿಸುವ ಮೊದಲು ಇಷ್ಟು ಸಿದ್ಧವಿರಲಿ: ದಿನದ ಊಟ ತಲುಪಿಸುವವರು, ನಿತ್ಯದ ಮಾತ್ರೆ ತಂದುಕೊಡುವವರು, ಹಗಲೂ ರಾತ್ರಿ ಎತ್ತುವ ಒಂದು ಫೋನ್, ಕಸ ತೆಗೆಯುವ ಹೊತ್ತು, ಆ ದಿನಗಳ ಸಂಬಳ ಕಡಿತವಾಗದೆಂಬ ಬರಹ, ಜನರಿಗೆ ತಿಳಿಯುವ ಭಾಷೆಯಲ್ಲಿ ನೋಟಿಸ್. ಡಯಾಲಿಸಿಸ್, ಹೆರಿಗೆ, ಮನೆಯೊಳಗಿನ ಹಿಂಸೆ, ಸಾವು, ಈ ನಾಲ್ಕಕ್ಕೆ ಯಾರ ಅನುಮತಿಗೂ ಕಾಯದೆ ಹೊರಗೆ ಹೋಗಬಹುದು ಎಂದು ಮೊದಲೇ ಬರೆಯಿರಿ. ಸಂಬಳ ಹೋಗುತ್ತದೆ ಎಂದಾದರೆ ಜನ ಲಕ್ಷಣ ಮುಚ್ಚಿಡುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ, ನಿಯಮವೇ ಹಾಗೆ ಮಾಡಿಸಿದೆ.

ಗೇಟಿನ ರಿಜಿಸ್ಟರ್

ತೆರೆದ ಪುಸ್ತಕದಲ್ಲಿ ಹೆಸರು, ಫೋನ್, ಮನೆ ನಂಬರ್ ಬರೆಸಿದರೆ ಆಮೇಲೆ ಬಂದವರೆಲ್ಲ ಮೊದಲು ಬಂದವರದ್ದನ್ನು ಓದುತ್ತಾರೆ. ಚೀಟಿ ಬರೆಸಿ ಡಬ್ಬಿಗೆ ಹಾಕಿಸಿ. ದಿನಕ್ಕೊಂದು ಲಕೋಟೆ ಮಾಡಿ, ಮೇಲೆ ನಾಶಪಡಿಸುವ ದಿನಾಂಕ ಬರೆಯಿರಿ. ಸುಪ್ತಾವಧಿಯ ಗರಿಷ್ಠ ಮಿತಿ ದಾಟಿದ ಮೇಲೆ ಅದರ ಕೆಲಸ ಮುಗಿಯಿತು. ಸೋಂಕಿತರ ಹೆಸರನ್ನು ವಾಟ್ಸಾಪ್ ಗುಂಪಿಗೆ ಹಾಕುವುದು ಬೇಡ. ಸಂಪರ್ಕಕ್ಕೆ ಬಂದವರಿಗೆ ಮಾತ್ರ, ‘ಇಂಥ ದಿನ ಇಂಥ ಹೊತ್ತಿಗೆ ನೀವು ಲಿಫ್ಟಿನಲ್ಲಿದ್ದಿರಿ’ ಎಂದು ಹೇಳಿದರೆ ಸಾಕು.

ಸಿಂಗಪುರದಲ್ಲಿ ಟ್ರೇಸ್‌ಟುಗೆದರ್ ಆ್ಯಪ್‌ನ ಮಾಹಿತಿ ಸಂಪರ್ಕ ಪತ್ತೆಗೆ ಮಾತ್ರ ಎಂದು ಜನರಿಗೆ ಮಾತು ಕೊಡಲಾಗಿತ್ತು. ಅಪರಾಧ ತನಿಖೆಗೆ ಪೊಲೀಸರೂ ಅದನ್ನು ಪಡೆಯಬಹುದು ಎಂಬುದು 2021ರ ಜನವರಿಯಲ್ಲಿ ಹೊರಬಂತು. ಗಲಾಟೆ ಎದ್ದ ಮೇಲೆ ಫೆಬ್ರವರಿಯಲ್ಲಿ ಅದನ್ನು ಗಂಭೀರ ಅಪರಾಧಗಳಿಗಷ್ಟೇ ಸೀಮಿತಗೊಳಿಸುವ ಕಾನೂನು ಮಾಡಬೇಕಾಯಿತು. ನಿಮ್ಮ ಚೀಟಿಗೂ ಇದು ಅನ್ವಯ: ಬಾಡಿಗೆ ಬಾಕಿ ಹುಡುಕಲು ಒಮ್ಮೆ ಬಳಸಿದಿರೋ, ಮರುದಿನದಿಂದ ಡಬ್ಬಿಯಲ್ಲಿ ಸುಳ್ಳು ನಂಬರುಗಳೇ.

ಒಂದೇ ಅಳತೆ

1900ರಲ್ಲಿ ಪ್ಲೇಗ್ ಭೀತಿಯಿಂದ ಸ್ಯಾನ್ ಫ್ರಾನ್ಸಿಸ್ಕೊದ ಚೈನಾಟೌನನ್ನು ಸುತ್ತುವರಿಯಲಾಯಿತು. ಅದೇ ವಲಯದೊಳಗಿದ್ದರೂ ಚೀನೀಯರಲ್ಲದವರ ಮನೆಗಳನ್ನು ಬಿಡಲಾಗಿತ್ತು. ನ್ಯಾಯಾಲಯ ಆ ಕ್ವಾರಂಟೈನನ್ನು ರದ್ದು ಮಾಡಿತು. ದಿನವೂ ಹೊರಗೆ ಹೋಗಿಬರುವ ನಿವಾಸಿಗೆ ತಡೆಯಿಲ್ಲ, ದಿನವೂ ಒಳಗೆ ಬಂದುಹೋಗುವ ಕೆಲಸಗಾರರಿಗೆ ತಡೆ ಎಂಬ ನಿಯಮವನ್ನು ಇದರ ಪಕ್ಕ ಇಟ್ಟು ನೋಡಿ. ವೈರಸ್ಸಿಗೆ ಇಬ್ಬರೂ ಒಂದೇ.

ಲಸಿಕೆಯ ವಿಷಯದಲ್ಲೂ ಒತ್ತಾಯಕ್ಕೊಂದು ಮಿತಿ ಇದೆ. 1905ರ ಜೇಕಬ್ಸನ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಸಿಡುಬಿನ ಲಸಿಕೆ ಕಡ್ಡಾಯವನ್ನು ಎತ್ತಿಹಿಡಿದದ್ದು ನಿಜ. ಆದರೆ ಅಲ್ಲಿ ಹಾಕಿಸಿಕೊಳ್ಳದವರಿಗೆ ಇದ್ದದ್ದು 5 ಡಾಲರ್ ದಂಡ, ಹಿಡಿದು ಚುಚ್ಚುವುದಲ್ಲ.

ತಿದ್ದಿದ ಸುತ್ತೋಲೆ

“ಮಾರ್ಚ್ 3ರಿಂದ 16ರವರೆಗೆ: ಗಾಳಿಯಿಂದ ಹರಡುವ ಸೋಂಕು ನಮ್ಮ ಕಟ್ಟಡದ ಮೂರು ಮನೆಗಳಲ್ಲಿ ಕಂಡಿದೆ. ಲಿಫ್ಟಿನಲ್ಲಿ ಮತ್ತು ಸಭಾಂಗಣದಲ್ಲಿ ನಿವಾಸಿಗಳು, ಅತಿಥಿಗಳು, ಕೆಲಸಕ್ಕೆ ಬರುವವರು ಎಲ್ಲರೂ ಮಾಸ್ಕ್ ಹಾಕಬೇಕು. ಗೇಟಿನಲ್ಲಿ ಉಚಿತವಾಗಿ ಸಿಗುತ್ತದೆ. ಸಭಾಂಗಣದಲ್ಲಿ 25 ಜನಕ್ಕೆ ಅವಕಾಶ, ಕಿಟಕಿಗಳು ತೆರೆದಿರಬೇಕು. ಉಸಿರಾಟದ ತೊಂದರೆ ಇರುವವರಿಗೆ, ಚಿಕ್ಕ ಮಕ್ಕಳಿಗೆ ಮಾಸ್ಕ್ ವಿನಾಯಿತಿ, ಪುರಾವೆ ಕೇಳುವುದಿಲ್ಲ. ಮಾಸ್ಕ್ ಇಲ್ಲದವರು ಮೆಟ್ಟಿಲು ಬಳಸಬಹುದು, ದಂಡ ಇಲ್ಲ. ಆಕ್ಷೇಪ ಇದ್ದರೆ ಕಾರ್ಯದರ್ಶಿಗೆ ಬರೆದುಕೊಡಿ, 48 ಗಂಟೆಯೊಳಗೆ ಉತ್ತರ ಸಿಗುತ್ತದೆ. ಮಾರ್ಚ್ 16ರ ರಾತ್ರಿ ಈ ನಿಯಮ ತಾನಾಗಿಯೇ ಮುಗಿಯುತ್ತದೆ. ಮುಂದುವರಿಸಬೇಕಾದರೆ ಹೊಸ ಸಭೆ, ಹೊಸ ಕಾರಣ ಬೇಕು.”

ಕೊನೆಯ ಎರಡು ವಾಕ್ಯಗಳನ್ನು ಯಾರು ಏನೇ ಹೇಳಿದರೂ ತೆಗೆಯಬೇಡಿ. ರದ್ದು ಮಾಡಲು ಸಭೆ ಸೇರಬೇಕಾದ ನಿಯಮ ರದ್ದಾಗುವುದೇ ಇಲ್ಲ. ಮುಂದುವರಿಸಲು ಸೇರಬೇಕಾದದ್ದು ಬೇಡವಾದ ದಿನ ಬಿದ್ದುಹೋಗುತ್ತದೆ. ಬ್ರಿಟನ್ 2020ರ ಕೊರೊನಾ ಕಾಯ್ದೆಗೂ ಎರಡು ವರ್ಷದ ಗಡುವು ಇಟ್ಟಿತ್ತು, ನಡುವೆ ಆರಾರು ತಿಂಗಳಿಗೆ ಸಂಸತ್ತಿನ ಪರಿಶೀಲನೆ ಇತ್ತು. ಇಷ್ಟಾದ ಮೇಲೆ ಉಳಿಯುವುದು ಒಂದು ಸಣ್ಣ ಕೆಲಸ: ಮಾರ್ಚ್ 17ರ ಬೆಳಿಗ್ಗೆ ಗೇಟಿನ, ಲಿಫ್ಟಿನ ಹಾಳೆಗಳನ್ನು ಕಿತ್ತುಹಾಕುವವರು ಯಾರು ಎಂದು ಇವತ್ತೇ ಹೆಸರು ಬರೆದಿಡಿ. ಹಾಳೆ ಅಲ್ಲೇ ಇದ್ದರೆ ಗೇಟಿನವರು ತಡೆಯುತ್ತಲೇ ಇರುತ್ತಾರೆ.