ಮುಧೋಳದ ಭೀಮ, ಬೆಳಗಾವಿಯ ಕೆಂಚಿ

2017ರ ಜನವರಿಯ ಒಂದು ಭಾನುವಾರ, ಮುಧೋಳದ ಕಡೆಯ ಒಂದು ಹಳ್ಳಿಯಲ್ಲಿ ಬೇವಿನ ಮರದ ಕೆಳಗೆ ಕೂತು ನಾನು ಒಬ್ಬ ಅಜ್ಜನಿಗೆ ಸುಳ್ಳು ಹೇಳಿದೆ.

ನಾಯಿಮರಿ ಕೊಳ್ಳಲು ಹೋಗಿದ್ದೆ. ಅಜ್ಜ ಮರಿ ತೋರಿಸಿದ, ರೇಟು ಹೇಳಿದ, ಚಹಾ ಕುಡಿಸಿದ. ಆಮೇಲೆ ಒಂದೇ ಒಂದು ಮಾತು ಕೇಳಿದ. “ಓಡ್ಸಾಕ ಜಾಗಾ ಐತೇನ್ರಿ ಸರ?”

“ಹೊಲಾ ಐತ್ರಿ ಅಜ್ಜಾರ” ಅಂದೆ.

ಹೊಲ ಇರುವುದೇನೋ ನಿಜ. ಆದರೆ ಅದು ಕಲಾದಗಿ ಹತ್ತಿರದ ನಮ್ಮ ಕಾಕಾನ ಹೊಲ. ನಾನಿರುವುದು ಬಾಗಲಕೋಟೆಯ ನವನಗರದಲ್ಲಿ, ಮೂವತ್ತು-ನಲವತ್ತರ ಸೈಟಿನ ಮನೆ. ಮುಂದೆ ಬೈಕ್ ನಿಲ್ಲಿಸಿದರೆ ತುಳಸಿ ಕಟ್ಟೆಗೆ ಸುತ್ತು ಹಾಕಲೂ ಜಾಗ ಉಳಿಯುವುದಿಲ್ಲ. ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ಬೇಸಿಗೆಯಲ್ಲಿ ರೈತರ ಪಂಪ್‌ಸೆಟ್ ಸುಟ್ಟು ಬಂದರೆ ರಾತ್ರಿ ಹತ್ತಾದರೂ ಮನೆ ಸೇರುವುದಿಲ್ಲ. ಇದನ್ನೆಲ್ಲ ಅಜ್ಜನಿಗೆ ಹೇಳಲಿಲ್ಲ.

ಮುಧೋಳ ನಾಯಿಯೇ ಯಾಕೆ ಬೇಕಿತ್ತು ಅಂದರೆ, ಹಮ್ಮು, ಅಷ್ಟೇ. ನಮ್ಮ ಜಿಲ್ಲೆಯ ನಾಯಿ. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆ ಇದರ ತಳಿ ಬೆಳೆಸಿ, ಒಂದು ಜೋಡಿಯನ್ನು ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಕಾಣಿಕೆ ಕೊಟ್ಟ ಕತೆ ನಮ್ಮ ಕಡೆ ಸಣ್ಣ ಹುಡುಗರಿಗೂ ಗೊತ್ತು. 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂತು. 2016ರಲ್ಲಿ ಸೇನೆಯವರು ಮರಿಗಳನ್ನು ತರಬೇತಿಗೆ ಮೀರತ್‌ಗೆ ಒಯ್ದಾಗ ಅಂಗಡಿಗೆ ಬಂದವರದೆಲ್ಲ ಅದೇ ಮಾತು. ನಮ್ಮ ಮನೆ ಮುಂದೆಯೂ ಅಂಥದ್ದೊಂದು ನಿಂತಿರಬೇಕು ಅನ್ನಿಸಿತು. ನಿಂತಿರಬೇಕು ಅಂದುಕೊಂಡೆ ನೋಡಿ, ತಪ್ಪಿದ್ದೇ ಅಲ್ಲಿ. ಅದು ನಿಲ್ಲುವ ನಾಯಿಯೇ ಅಲ್ಲ.

ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ. ಅಲ್ಲಿ ವಿಚಾರಿಸಬಹುದಿತ್ತು. ಕಾಯುವ ತಾಳ್ಮೆ ನನಗಿರಲಿಲ್ಲ. ಯಾರೋ ಅಜ್ಜನ ಹೆಸರು ಹೇಳಿದರು, ಹೊರಟೇಬಿಟ್ಟೆ. “ಮರೀದು ಕಾಗದಾ ಏನರ ಅದಾವೇನ್ರಿ?” ಎಂದು ಕೇಳಿದ್ದಕ್ಕೆ ಅಜ್ಜ ನಕ್ಕು ಗೋಡೆಯ ಕಡೆ ಕೈ ತೋರಿಸಿದ. “ಕಾಗದಾ ಅಲ್ಲಿ ಮಲಗೈತಿ ನೋಡ್ರಿ.” ಮರಿಗಳ ತಾಯಿ ಮಲಗಿತ್ತು. ಉದ್ದ ಮುಖ, ಎದೆ ಆಳ, ಹೊಟ್ಟೆ ಬೆನ್ನಿಗೆ ಹತ್ತಿದಂತೆ. ನಾನು ಹತ್ತಿರ ಹೋದರೆ ಎದ್ದು ನಿಂತಿತು, ಬೊಗಳಲಿಲ್ಲ, ಮುಟ್ಟಿಸಿಕೊಳ್ಳಲೂ ಇಲ್ಲ. ನಾನು ಆಮೇಲೆ ಇದರ ಬಗ್ಗೆ ಬಹಳ ಯೋಚಿಸಿದ್ದೇನೆ. ತಳಿ ನಾಯಿಗಳ ದಾಖಲೆ ಇಡುವ ಕೆನಲ್ ಕ್ಲಬ್ ಆಫ್ ಇಂಡಿಯಾದವರು ಇದೇ ನಾಯಿಯನ್ನು ಕಾರವಾನ್ ಹೌಂಡ್ ಎಂದು ಬರೆದುಕೊಳ್ಳುತ್ತಾರೆ, ಹುಡುಕಿದರೆ ಕಾಗದವೂ ಸಿಗುತ್ತದೆ. ಆದರೆ ಮರಿ ಬೆಳೆದು ಹೇಗಾಗುತ್ತದೆ ಎಂದು ತಾಯಿಯನ್ನು ನೋಡಿದರೆ ತಿಳಿಯುವಷ್ಟು ಕಾಗದ ನೋಡಿದರೆ ತಿಳಿಯುವುದಿಲ್ಲ. ತಾಯಿಯನ್ನು ತೋರಿಸದವರ ಹತ್ತಿರ ಮರಿ ಕೊಳ್ಳಬೇಡಿ.

ಹನ್ನೆರಡು ಸಾವಿರ ಎಣಿಸಿ ಕೊಟ್ಟೆ. ಮರಿಗೆ ಆಗ ನಲವತ್ತು ದಿನ. ಎಂಟು ವಾರ ತುಂಬದ ಮರಿ ಮಾರುವಂತಿಲ್ಲ ಎಂಬ ಕೇಂದ್ರದ ನಿಯಮ ಬಂದದ್ದು ಅದೇ ವರ್ಷ, ಸ್ವಲ್ಪ ತಡವಾಗಿ. ನನಗಂತೂ ಮರಿ ಎಷ್ಟು ಸಣ್ಣದಿದ್ದರೆ ಅಷ್ಟು ಚೆನ್ನಾಗಿ ಹೊಂದಿಕೊಳ್ಳುತ್ತದೆ ಎಂಬ ಹುಂಬ ನಂಬಿಕೆ ಇತ್ತು. ಬುಟ್ಟಿಯಲ್ಲಿ ಟವೆಲ್ ಹಾಸಿ, ಬೈಕಿನ ಮುಂದೆ ಇಟ್ಟುಕೊಂಡು ಲೋಕಾಪುರ, ಕಲಾದಗಿ ದಾಟಿ ಮನೆಗೆ ತಂದೆ. ಅಷ್ಟು ಬಡಕಲು ಮರಿಗೆ ನಮ್ಮ ಅವ್ವ ಭೀಮ ಎಂದು ಹೆಸರಿಟ್ಟಳು.

ಎರಡನೇ ದಿನವೇ ಅವನನ್ನು ಎತ್ತಿಕೊಂಡು ಓಣಿಯೆಲ್ಲ ತೋರಿಸಿ ಬಂದೆ. ಗಾರ್ಡನ್‌ನಲ್ಲಿ ಹುಲ್ಲಿನ ಮೇಲೆ ಬಿಟ್ಟೆ. ಒಂದು ಇಂಜೆಕ್ಷನ್ನೂ ಆಗಿರಲಿಲ್ಲ. ಏಳನೇ ದಿನ ಬೆಳಗ್ಗೆ ಹಾಲು ಮೂಸಿ ನೋಡಲಿಲ್ಲ, ಮಧ್ಯಾಹ್ನದ ಹೊತ್ತಿಗೆ ವಾಂತಿ, ಸಂಜೆ ರಕ್ತದ ಭೇದಿ. ಆ ವಾಸನೆ ಒಮ್ಮೆ ಮೂಗಿಗೆ ಬಡಿದರೆ ಮರೆಯುವುದಿಲ್ಲ. ಪಾರ್ವೋ, ನಾಯಿಮರಿಗಳ ಜೀವ ತೆಗೆಯುವ ವೈರಸ್ ರೋಗ. ಐದು ದಿನ ದನದ ದವಾಖಾನೆಗೆ ಒಯ್ದು ಸಲೈನ್ ಹಚ್ಚಿಸಿದೆ. ಡಾಕ್ಟರು ನನ್ನ ಹೆಬ್ಬೆರಳಿಗಿಂತ ಸಣ್ಣಗಿದ್ದ ಅವನ ಕಾಲಲ್ಲಿ ನರ ಹುಡುಕುವಾಗ ನಾನು ಮುಖ ಆಚೆ ತಿರುಗಿಸಿಕೊಂಡಿದ್ದೆ. ಉಳಿದ. ಅವನ ಪುಣ್ಯ.

ಹಾಗಾಗಿ ಮರಿ ತಂದವರಿಗೆ ನಾನು ಮೊದಲು ಹೇಳುವುದು ಇದನ್ನೇ. ಆರರಿಂದ ಎಂಟು ವಾರದೊಳಗೆ ಮೊದಲ ಲಸಿಕೆ, ಮೂರ್ನಾಲ್ಕು ವಾರ ಬಿಟ್ಟು ಬೂಸ್ಟರ್, ಮೂರು ತಿಂಗಳಿಗೆ ರೇಬೀಸ್ ಇಂಜೆಕ್ಷನ್. ಜಂತಿನ ಔಷಧಿ ಮರೆಯಬೇಡಿ. ಲಸಿಕೆಗಳು ಮುಗಿಯುವ ತನಕ ಬೇರೆ ನಾಯಿಗಳು ಓಡಾಡುವ ನೆಲಕ್ಕೆ ಮರಿಯ ಕಾಲು ತಾಗಬಾರದು. “ಆಗೈತ್ರಿ” ಎಂದು ಮಾರುವವರು ಬಾಯಲ್ಲಿ ಹೇಳಿದರೆ ಸಾಲದು, ಕಾರ್ಡ್ ನೋಡಿ.

ಭೀಮ ಎಂಟು ತಿಂಗಳಿಗೆ ಭುಜದ ಹತ್ತಿರ ಎರಡೂಕಾಲು ಅಡಿ ಎತ್ತರ ಆದ. ದಿನಾ ಗೋವಿನಜೋಳದ ನುಚ್ಚು, ಹಾಲು, ಮೊಟ್ಟೆ, ವಾರಕ್ಕೆರಡು ಸಲ ಕೋಳಿ. ಆದರೂ ಪಕ್ಕೆಲುಬು ಎಣಿಸಬಹುದಿತ್ತು. ಈ ತಳಿ ಇರುವುದೇ ಹಾಗೆ. ಪಕ್ಕದ ಮನೆಯ ಅಕ್ಕಾರು ಮಾತ್ರ ಗೇಟಿನಲ್ಲಿ ನಿಂತು, “ನಾಯಿಗೂ ಶ್ರಾವಣ ಉಪಾಸ ಹಾಕೀರೇನ್ರಿ?” ಎಂದು ಕೇಳುತ್ತಿದ್ದರು. ಮೈಮೇಲೆ ಕೊಬ್ಬಿಲ್ಲ, ಕೂದಲೂ ಗಿಡ್ಡ. ಡಿಸೆಂಬರ್ ಚಳಿಗೆ ರಾತ್ರಿಯಿಡೀ ನಡುಗುತ್ತಿದ್ದ. ಅವ್ವ ಹಳೇ ಕೌದಿ ಕತ್ತರಿಸಿ ಅವನಿಗೊಂದು ಅಂಗಿ ಹೊಲಿದಳು. ಇಳಕಲ್ ಸೀರೆಯ ಸೆರಗಿನ ತುಂಡು ಸರಿಯಾಗಿ ಅವನ ಬೆನ್ನ ಮೇಲೆ ಬಂದಿತ್ತು. ಐದನೇ ಜಾರ್ಜ್‌ಗೆ ಕೊಟ್ಟ ಜೋಡಿಗೂ ಅಂಥ ಅಂಗಿ ಸಿಕ್ಕಿರಲಿಕ್ಕಿಲ್ಲ.

ಆಮೇಲೆ ಓಟದ ಕತೆ. ಇದು ಮೂಗಿಗಿಂತ ಕಣ್ಣನ್ನು ನಂಬಿ ಬೇಟೆಯಾಡುವ ನಾಯಿ. ದೂರದಲ್ಲಿ ಏನಾದರೂ ಅಲುಗಾಡಿದರೆ ಸಾಕು, ಕಿವಿ ಮುಚ್ಚಿಹೋಗುತ್ತದೆ. ನೀವು ಹೆಸರು ಹಿಡಿದು ಕೂಗಿ, ಬಿಸ್ಕತ್ತು ತೋರಿಸಿ, ಅದಕ್ಕೆ ನೀವು ಇಲ್ಲವೇ ಇಲ್ಲ. ಬೆಳಗ್ಗೆ ಅರ್ಧ ಗಂಟೆ ಹಗ್ಗ ಹಿಡಿದು ಸೆಕ್ಟರ್ ಸುತ್ತಿಸಿದರೆ ಅವನಿಗೆ ಅದು ಮೈಮುರಿದಷ್ಟೂ ಅಲ್ಲ. ಉಳಿದ ಇಪ್ಪತ್ಮೂರೂವರೆ ಗಂಟೆ ಗೇಟಿನ ಸಂದಿಯಲ್ಲಿ ಮುಖ ಇಟ್ಟುಕೊಂಡು ರಸ್ತೆ ನೋಡುತ್ತಿದ್ದ. ಒಂದು ದಿನ ಐದಡಿ ಕಂಪೌಂಡ್ ಹಾರಿ ಹೋದ. ಎದುರಿನ ಖಾಲಿ ಸೈಟಿನಲ್ಲಿ ಜಾಲಿ ಕಂಟಿ, ಅದರಾಚೆ ಯಾರದೋ ಆಡು. ಆಡಿನ ಮರಿ ಉಳಿಯಲಿಲ್ಲ. ನಾಲ್ಕು ಸಾವಿರ ಕೊಟ್ಟೆ, ಬೈಗುಳ ಬೇರೆ. ಭೀಮನ ತೊಡೆಯೂ ಮುಳ್ಳುತಂತಿಗೆ ಸಿಕ್ಕಿ ಹಾಳೆ ಹರಿದಂತೆ ಹರಿದಿತ್ತು. ಅಷ್ಟು ತೆಳು ಚರ್ಮ. ಹೊಲಿಗೆ ಹಾಕುವ ಮೊದಲು ಡಾಕ್ಟರು, “ಇವಕ್ಕ ಮಂಪರ ಔಷಧ ಬಾಳ ನೋಡಿ ಕೊಡಬೇಕಪಾ, ಮೈಯಾಗ ಕೊಬ್ಬಿರೂದಿಲ್ಲ” ಎಂದರು. ಬೇರೆ ಊರಲ್ಲಿ ತೋರಿಸುವಾಗ ಇದು ಮುಧೋಳ ನಾಯಿ ಎಂದು ಮೊದಲೇ ಹೇಳಿಬಿಡಿ.

2018ರ ಏಪ್ರಿಲ್‌ನಲ್ಲಿ ಅವನನ್ನು ಕಾಕಾನ ಹೊಲಕ್ಕೆ ಬಿಟ್ಟುಬಂದೆ. ಬಿಟ್ಟುಬಂದೆ ಎನ್ನುವ ಮಾತಿಗೆ ಎರಡರ್ಥ ಇದೆ, ಗೊತ್ತು. ಹದಿನೈದು ದಿನ ಬಿಟ್ಟು ಹೋದರೆ ಭೀಮ ದಾಳಿಂಬೆ ಗಿಡಗಳ ಸಾಲಿನ ನಡುವೆ ಬಾಣದ ಹಾಗೆ ಹೋಗಿ ಬರುತ್ತಿದ್ದ. ನನ್ನ ಹತ್ತಿರ ಬಂದು ಕೈ ಮೂಸಿ ಮತ್ತೆ ಓಡಿದ. ಕಾಕಾ, “ಇದನ್ನ ಗೇಟಿನ್ಯಾಗ ಕಟ್ಟಿದ್ದೆಲ್ಲಪಾ, ನಿನಗ ಬುದ್ಧಿ ಐತೇನು?” ಅಂದರು. ಏನಂತ ಉತ್ತರ ಕೊಡಲಿ?

ಮೂರು ವರ್ಷ ಮನೆಯಲ್ಲಿ ನಾಯಿ ಇರಲಿಲ್ಲ. ಅವ್ವನಿಗೇ ಬೇಸರ ಬಂತು. 2021ರ ನವೆಂಬರ್‌ನಲ್ಲಿ ಕೆಲಸಕ್ಕೆಂದು ಬೆಳಗಾವಿಗೆ ಹೋದಾಗ ಬೀದಿ ನಾಯಿಗಳನ್ನು ಉಳಿಸಿ ಸಾಕಲು ಕೊಡುವ ಹುಡುಗರ ಶೆಡ್ಡಿಗೆ ಹೋದೆ. ತಗಡಿನ ಶೆಡ್ಡು, ನಲವತ್ತರ ಹತ್ತಿರ ನಾಯಿಗಳು. ಎಲ್ಲ ಬೀದಿಯವೇ ಇರುತ್ತವೆ ಅಂದುಕೊಂಡಿದ್ದೆ. ಒಂದು ಮುದಿ ಲ್ಯಾಬ್ರಡಾರ್ ಹಿಂಗಾಲು ಎಳೆಯುತ್ತ ಬಂತು. ಒಂದು ಹಸ್ಕಿ, ಅರ್ಧ ಕೂದಲು ಉದುರಿ ಮೂಲೆಯಲ್ಲಿ ಮಲಗಿತ್ತು. ಅದನ್ನು ಕೊಂಡವರು ಎಷ್ಟು ಸಾವಿರ ಸುರಿದಿದ್ದರೋ. ಕೊನೆಯ ಗೂಡಿನಲ್ಲಿ ಒಂದು ಮುಧೋಳ ನಾಯಿ. ಸಂದಿಯಲ್ಲಿ ಮುಖ ಇಟ್ಟುಕೊಂಡು ಹೊರಗೆ ನೋಡುತ್ತಿತ್ತು. ನನಗೆ ಕಾಕಾನಂಥವರು ಇರದಿದ್ದರೆ ಭೀಮನೂ ಇಂಥ ಕಡೆಯೇ ಇರುತ್ತಿದ್ದ, ಅಲ್ವಾ?

ಅಲ್ಲಿದ್ದ ಹುಡುಗಿ ಒಂದು ವಹಿ ತೆಗೆದುಕೊಂಡು ಕೇಳತೊಡಗಿದಳು. ಮನೆ ಸ್ವಂತದ್ದಾ, ಬಾಡಿಗೆಯದಾ? ಹಗಲು ಮನೆಯಲ್ಲಿ ಯಾರಿರುತ್ತಾರೆ? ಊರಿಗೆ ಹೋದರೆ ಯಾರು ನೋಡಿಕೊಳ್ಳುತ್ತಾರೆ? ಕಟ್ಟಿಹಾಕುತ್ತೀರಾ? ನನಗೆ ಸಿಟ್ಟು ಬರತೊಡಗಿತ್ತು. ಬೀದಿ ನಾಯಿಗೆ ಇಷ್ಟು ವಿಚಾರಣೆಯಾ, ಹೆಣ್ಣು ಕೊಡುವವರೂ ಇಷ್ಟು ಕೇಳುವುದಿಲ್ಲ ಅನ್ನಿಸಿತು. ಆಗ ಕೇಳಿದಳು: “ಈ ಮೊದಲ ನಾಯಿ ಸಾಕಿದ್ರೇನ್ರಿ ಅಣ್ಣಾ? ಅದು ಈಗ ಎಲ್ಲೈತಿ?”

ಈ ಸಲ ಸುಳ್ಳು ಹೇಳಲಿಲ್ಲ. ಅಜ್ಜನಿಗೆ ಹೇಳಿದ ಸುಳ್ಳನ್ನೂ ಸೇರಿಸಿ ಎಲ್ಲ ಹೇಳಿದೆ. ಬರೆದುಕೊಂಡಳು. ಒಂದು ವಾರ ಬಿಟ್ಟು ಫೋನ್ ಮಾಡುತ್ತೇವೆ ಅಂದಳು. ಮಾಡುವುದಿಲ್ಲ ಎಂದೇ ತಿಳಿದಿದ್ದೆ. ಒಂಬತ್ತನೇ ದಿನ ಫೋನ್ ಬಂತು. “ಮರಿ ಕೊಡೂದಿಲ್ರಿ ಅಣ್ಣಾ. ದೊಡ್ಡ ನಾಯಿ ಆದರ ನಡೀತೈತೇನ್ರಿ?”

ನನಗೆ ಸಿಕ್ಕ ಒಳ್ಳೇ ಸಲಹೆ ಅದು. ಮರಿ ಬೆಳೆದು ಏನಾಗುತ್ತದೆ ಎಂದು ಯಾರಿಗೂ ಗೊತ್ತಿಲ್ಲ, ಬೀದಿ ಮರಿಯದಂತೂ ತಾಯಿಯೂ ಕಣ್ಣಿಗೆ ಬೀಳುವುದಿಲ್ಲ. ಎರಡು ವರ್ಷದ ನಾಯಿ ಹೇಗಿದೆಯೋ ಹಾಗೆ ಕಣ್ಣೆದುರು ಇರುತ್ತದೆ. ಕೆಂಚಿ ಹಾಗೇ ಇದ್ದಳು. ಕೆಂಪು ಮೈ, ಮುಂಗಾಲು ಸ್ವಲ್ಪ ಸೊಟ್ಟ, ಯಾವುದೋ ಗಾಡಿ ಬಡಿದದ್ದು. ಮಕ್ಕಳಾಗದ ಆಪರೇಷನ್ ಆಗಿತ್ತು, ಗುರುತಿಗೆ ಕಿವಿಯ ತುದಿ ಕತ್ತರಿಸಿದ್ದರು. ಸಂಜೆ ಹತ್ತು ನಿಮಿಷ ಅಡ್ಡಾಡಿ ಬಂದು ಮಲಗುವ ಜೀವ. ನನ್ನ ಮನೆಗೆ, ನನ್ನ ಹೊತ್ತಿಗೆ ಬೇಕಿದ್ದದ್ದು ಅದೇ.

ಯರಗಟ್ಟಿ ದಾರಿಯಲ್ಲಿ ಗೆಳೆಯನ ಕಾರಿನಲ್ಲಿ ಕರೆತಂದೆ. ಲೋಕಾಪುರದಲ್ಲಿ ಮುಧೋಳ ರಸ್ತೆ ಕಂಡಾಗ ಸುಮ್ನೆ ಆಚೆ ನೋಡಿದೆ.

ದತ್ತು ತಂದರೆ ಎಲ್ಲ ಸುಲಭ ಎಂದು ಹೇಳುವವರನ್ನೂ ನಾನು ನಂಬುವುದಿಲ್ಲ. ಕೆಂಚಿ ಮೊದಲ ನಾಲ್ಕು ದಿನ ಮಂಚದ ಕೆಳಗಿಂದ ಬರಲಿಲ್ಲ. ಅವ್ವ ಕಸಬರಿಗೆ ಹಿಡಿದರೆ ಅಲ್ಲೇ ಉಚ್ಚೆ ಹೊಯ್ದುಕೊಳ್ಳುತ್ತಿದ್ದಳು. ಹೊರಗೆ ಬಂದ ಮೇಲೂ ಹಾಕಿದ ರೊಟ್ಟಿಯಲ್ಲಿ ಅರ್ಧ ಒಯ್ದು ತುಳಸಿ ಕಟ್ಟೆಯ ಮಣ್ಣಲ್ಲಿ ಹೂಳುತ್ತಿದ್ದಳು. ಮೂರನೇ ದಿನ ಅವಸರಪಟ್ಟು ಮಂಚದ ಕೆಳಗೆ ಕೈ ಹಾಕಿದೆ, ಕಚ್ಚಿದಳು. ತಪ್ಪು ನನ್ನದೇ. ನಲ್ಲಿ ಕೆಳಗೆ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದೆ, ಅವಳ ಲಸಿಕೆ ಕಾರ್ಡ್ ಕೈಯಲ್ಲಿದ್ದರೂ ಸರ್ಕಾರಿ ದವಾಖಾನೆಗೆ ಹೋಗಿ ಇಂಜೆಕ್ಷನ್ ಕೋರ್ಸ್ ಪೂರ್ತಿ ಮಾಡಿಸಿದೆ. ರೇಬೀಸ್ ಬಂದ ಮೇಲೆ ಔಷಧಿ ಇಲ್ಲ. ಇದರಲ್ಲಿ ಅರಿಷಿಣ, ಸುಣ್ಣ ಎಂದು ಆಟ ಆಡಬೇಡಿ. ಕೊನೆಗೆ ಅವ್ವ ಮಾಡಿದ್ದೇನೆಂದರೆ, ದಿನಾ ಸಂಜೆ ಮಂಚದ ಹತ್ತಿರ ನೆಲದ ಮೇಲೆ ಕೂತು, ಕೆಂಚಿಯ ಕಡೆ ನೋಡದೆ, ಬೆಳ್ಳುಳ್ಳಿ ಸುಲಿಯುತ್ತ ತನ್ನಷ್ಟಕ್ಕೆ ತಾನು ಮಾತಾಡುವುದು. ಐದನೇ ದಿನ ಅವ್ವನ ಸೀರೆಯ ಅಂಚಿನ ಮೇಲೆ ಒಂದು ಮೂತಿ ಬಂದು ಕೂತಿತು.

ಎರಡು ತಿಂಗಳಿಗೆ ಉಣ್ಣೆ ಹುಳ ಕಚ್ಚಿ ಜ್ವರ ಬಂತು. ಒಸಡು ಬಿಳಿಚಿತ್ತು, ರಕ್ತ ಪರೀಕ್ಷೆ, ನಾಲ್ಕು ವಾರ ಮಾತ್ರೆ. ಖರ್ಚಿನ ಮಾತು ಇಷ್ಟೇ: ಕೆಂಚಿಗೆ ಕೊಟ್ಟ ದುಡ್ಡು ಸೊನ್ನೆ, ಸಾಕಿದ ದುಡ್ಡು ಭೀಮನಷ್ಟೇ. ಲಸಿಕೆ ಹಾಕುವಾಗ ಯಾರೂ ಜಾತಿ ಕೇಳಿ ರೇಟು ಹೇಳುವುದಿಲ್ಲ.

ಭೀಮನಿಗೆ ಈಗ ಎಂಟು ತುಂಬಿದೆ, ಮೂತಿ ಬೆಳ್ಳಗಾಗಿದೆ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೋದಾಗ ಕೆಂಚಿಯನ್ನೂ ಕರೆದುಕೊಂಡು ಹೋಗಿದ್ದೆವು. ಅವನು ಹೊಲದ ಮೂರು ಸುತ್ತು ಓಡಿ ಬಂದ, ಅವಳು ಸಜ್ಜೆ ಕಡುಬಿನ ಬುತ್ತಿ ಬಿಟ್ಟು ಅಲುಗಲಿಲ್ಲ.

ಹೋದ ತಿಂಗಳು ನಮ್ಮ ಓಣಿಯ ಒಬ್ಬ ಹುಡುಗ ಅಂಗಡಿಗೆ ಬಂದ. ಹೊಸದಾಗಿ ಕೆಲಸಕ್ಕೆ ಸೇರಿದ್ದಾನೆ. ಮುಧೋಳ ಮರಿ ತರಬೇಕು, ಜೊತೆಗೆ ಬರ್ತೀರಾ ಅಂದ. “ಓಡ್ಸಾಕ ಜಾಗಾ ಐತೇನಪಾ?” ಎಂದೆ.

“ಟೆರೇಸ್ ಐತ್ರಿ ಅಂಕಲ್.”

ಬರುವ ಭಾನುವಾರ ಬೆಳಗ್ಗೆ ಐದಕ್ಕೆ ಕಾಕಾನ ಹೊಲಕ್ಕೆ ಬಾ ಎಂದಿದ್ದೇನೆ. ಚಪ್ಪಲಿ ಬೇಡ, ಬೂಟು ಹಾಕಿಕೊಂಡು ಬಾ ಎಂದೂ ಹೇಳಿದ್ದೇನೆ.