ತಿಳಿಸುವುದು ನನ್ನ ಕರ್ತವ್ಯ, ತನಿಖೆ ನನ್ನದಲ್ಲ

ನಾನು ಸರ್ಕಾರಿ ಪ್ರೌಢಶಾಲೆಯೊಂದರ ಮುಖ್ಯ ಶಿಕ್ಷಕಿಯಾಗಿದ್ದಾಗ, ನಮ್ಮದೇ ಶಾಲೆಯ ಶಿಕ್ಷಕರೊಬ್ಬರ ವರ್ತನೆಯ ಬಗ್ಗೆ ಎಂಟನೇ ತರಗತಿಯ ಬಾಲಕಿಯೊಬ್ಬಳು ಹೇಳಿಕೊಂಡದ್ದನ್ನು ಅವಳ ತರಗತಿ ಶಿಕ್ಷಕಿ ಬಂದು ನನಗೆ ತಿಳಿಸಿದರು. ಮೊದಲು ಶಾಲೆಯೊಳಗೇ ವಿಚಾರಿಸೋಣ, ನಿಜವೆಂದು ಖಚಿತವಾದರೆ ಮಾತ್ರ ಪೊಲೀಸರ ಬಳಿ ಹೋಗೋಣ ಎಂದು ಹಿರಿಯ ಸಹೋದ್ಯೋಗಿಗಳೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರೂ ಹೇಳಿದರು. ಅವರಲ್ಲಿ ಕೆಡುಕು ಬಯಸಿದವರು ಯಾರೂ ಇರಲಿಲ್ಲ. ಶಾಲೆಯ ಹೆಸರಿನ ಚಿಂತೆ, ಹೆಣ್ಣುಮಗುವಿನ ಮುಂದಿನ ಬದುಕಿನ ಚಿಂತೆ ಅವರಿಂದ ಹಾಗೆ ಹೇಳಿಸಿತ್ತು.

ಆದರೆ ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಖಚಿತತೆಯನ್ನು ಬೇಡುವುದಿಲ್ಲ. ಅಪರಾಧ ನಡೆದಿದೆಯೆಂದು ತಿಳಿದವರು ಮಾತ್ರವಲ್ಲ, ನಡೆಯಬಹುದೆಂಬ ಆತಂಕ ಇರುವವರೂ ಸ್ಥಳೀಯ ಪೊಲೀಸರಿಗೆ ಅಥವಾ ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ಕೈಕೆಳಗಿನ ಸಿಬ್ಬಂದಿಯ ಇಂಥ ಅಪರಾಧವನ್ನು ತಿಳಿಸದ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಸೆರೆವಾಸ ಮತ್ತು ದಂಡವಿದೆ. ಸದುದ್ದೇಶದಿಂದ ತಿಳಿಸಿದವರಿಗೆ ರಕ್ಷಣೆಯೂ ಇದೆ. ಇದನ್ನು ಸಭೆಯಲ್ಲಿ ಓದಿ ಹೇಳಿದೆ. ನನ್ನ ಮಟ್ಟಿಗೆ ಶಿಕ್ಷೆಗಿಂತ ದೊಡ್ಡ ಕಾರಣ ಬೇರೆಯಿತ್ತು. ಆರೋಪಕ್ಕೆ ಒಳಗಾದವರ ಸಹೋದ್ಯೋಗಿಗಳಾದ ನಾವೇ ಸುತ್ತ ಕುಳಿತು ಪ್ರಶ್ನಿಸಿದರೆ ಆ ಮಗು ಹೆದರಿ ಮಾತು ಹಿಂತೆಗೆದುಕೊಳ್ಳಬಹುದಿತ್ತು. ಮತ್ತೆ ಮತ್ತೆ ಹೇಳಿಸಿದ ಮಾತು ಮುಂದೆ ನ್ಯಾಯಾಲಯದಲ್ಲಿ ಯಾರೋ ಹೇಳಿಕೊಟ್ಟದ್ದೆಂದು ತಳ್ಳಿಹೋಗಬಹುದಿತ್ತು.

ಆದ್ದರಿಂದ ನಾನು ಅವಳನ್ನು ಕೆದಕಿ ಕೇಳಲಿಲ್ಲ. ಅವಳು ಆಡಿದ ಮಾತನ್ನು ಆಡಿದಂತೆಯೇ, ನಮ್ಮ ವ್ಯಾಖ್ಯಾನ ಸೇರಿಸದೆ, ತರಗತಿ ಶಿಕ್ಷಕಿಯಿಂದ ಬರೆಸಿಕೊಂಡೆ. ಅವಳ ತಾಯಿಯನ್ನು ಕರೆಸಿ, ಕೈಹಿಡಿದು ಎಲ್ಲವನ್ನೂ ತಿಳಿಸಿ, ಅಂದೇ ಠಾಣೆಗೆ ಲಿಖಿತ ದೂರು ಕೊಟ್ಟೆ. ದೂರಿಗೆ ಸಂಖ್ಯೆ ನೀಡಿ, ದಾಖಲಿಸಿದ್ದನ್ನು ಮಾಹಿತಿದಾರರಿಗೆ ಓದಿ ಹೇಳಬೇಕೆಂದು ಕಾನೂನಿನಲ್ಲಿದೆ. ಅದನ್ನು ಕೇಳಿ ಮಾಡಿಸಿಕೊಂಡೆ. ಮಗುವನ್ನು ಠಾಣೆಗೆ ಕರೆತರಬೇಕಿಲ್ಲ ಎಂಬುದು ತಾಯಿಗೆ ದೊಡ್ಡ ಸಮಾಧಾನವಾಯಿತು: ಮಹಿಳಾ ಸಬ್‌ಇನ್‌ಸ್ಪೆಕ್ಟರ್ ಸಮವಸ್ತ್ರವಿಲ್ಲದೆ ಮನೆಗೇ ಬಂದು ಹೇಳಿಕೆ ಪಡೆದರು.

ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಅವರಿಗೆ ಪ್ರತ್ಯೇಕ ವರದಿ ಕಳುಹಿಸಿದೆ. ಬಿಇಒಗೆ ಪತ್ರ ಬರೆದರೆ ಹೊಣೆ ಮುಗಿಯಿತೆಂದು ಅನೇಕ ಮುಖ್ಯ ಶಿಕ್ಷಕರು ಇಂದಿಗೂ ನಂಬಿದ್ದಾರೆ. ಇಲಾಖೆಯ ಶಿಸ್ತುಕ್ರಮ ಬೇರೆ, ಪೊಲೀಸರಿಗೆ ತಿಳಿಸುವುದು ಬೇರೆ, ಒಂದು ಇನ್ನೊಂದಕ್ಕೆ ಬದಲಿಯಲ್ಲ. ಇಲಾಖೆಯ ಆದೇಶ ಬರುವವರೆಗೆ ಆ ಶಿಕ್ಷಕರಿಗೆ ಯಾವ ತರಗತಿಯನ್ನೂ ವಹಿಸಲಿಲ್ಲ.

ಎಲ್ಲಕ್ಕಿಂತ ಕಷ್ಟವಾದದ್ದು ಬಾಲಕಿಯ ಹೆಸರು ಹೊರಹೋಗದಂತೆ ಕಾಯುವುದು. ಸಿಬ್ಬಂದಿಯ ವಾಟ್ಸಾಪ್ ಗುಂಪಿನಲ್ಲಿ ಈ ವಿಷಯವನ್ನೇ ಎತ್ತಬಾರದೆಂದು ಲಿಖಿತ ಸೂಚನೆ ಹೊರಡಿಸಿದೆ. ಕಡತವನ್ನು ಬೀಗ ಹಾಕಿದ ಕಪಾಟಿನಲ್ಲಿಟ್ಟು ಕೀಲಿಯನ್ನು ನನ್ನಲ್ಲೇ ಇಟ್ಟುಕೊಂಡೆ. ಅವಳು ಬಾರದ ದಿನಗಳ ಪಾಠವನ್ನು ತರಗತಿ ಶಿಕ್ಷಕಿ ಸಂಜೆ ಮನೆಗೆ ಹೋಗಿ ಹೇಳಿಕೊಟ್ಟರು.