ಮಾರ್ಕ್ ಎಯ್ಟ್‌ನ ಗಾಳಿ ನಾನು ತೆಗೆಸಲಿಲ್ಲ

ಹೋದ ಜನವರಿಯಲ್ಲಿ ಊರಿಗೆ ಹೋಗಿ ಇಪ್ಪತ್ತೆರಡು ದಿನದ ಮೇಲೆ ವಾಪಸ್ ಬಂದೆವು. ಸೂಟ್‌ಕೇಸ್ ಒಳಗಿಡುವ ಮೊದಲೇ ಗ್ಯಾರೇಜಿನ ಬಾಗಿಲು ಎತ್ತಿ ನೋಡಿದೆ. ನನ್ನ ಲಿಂಕನ್ ಮಾರ್ಕ್ ಎಯ್ಟ್ ನಾಲ್ಕೂ ಮೂಲೆಯಲ್ಲಿ ಎದ್ದೇ ನಿಂತಿತ್ತು. ಈ ಕಾರು ನಿಲ್ಲುವುದು ಕಬ್ಬಿಣದ ಸ್ಪ್ರಿಂಗಿನ ಮೇಲಲ್ಲ, ಗಾಳಿ ತುಂಬಿದ ನಾಲ್ಕು ರಬ್ಬರ್ ಚೀಲಗಳ ಮೇಲೆ; ಗಾಳಿ ಸೋರಿದರೆ ಕೂರುತ್ತೆ. ಟೇಪ್ ಹಿಡಿದೆ. ಹಿಂದಿನ ಎಡಗಡೆ ಕಾಲು ಇಂಚು ಇಳಿದಿದೆ, ಉಳಿದ ಮೂರು ಅಲುಗಿಲ್ಲ. ಹೊರಗೆ ಮೈನಸ್ ಹದಿನೆಂಟು ಡಿಗ್ರಿ ಚಳಿ. ಆರು ವರ್ಷದ ಹಿಂದೆ ಇದೇ ಕಾರು ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆಯ ಹೊತ್ತಿಗೆ ಟೈರಿನ ಮೇಲೆ ಕೂತಿರುತ್ತಿತ್ತು. "ರೀ, ನಿಮ್ಮ ಕಾರು ಮತ್ತೆ ಕೂತಿದೆ" ಎಂದು ಹೆಂಡತಿ ಅಡುಗೆಮನೆ ಕಿಟಕಿಯಿಂದ ಹೇಳುವುದು ನಮ್ಮ ಮನೆಯಲ್ಲಿ ದಿನದ ಮಾತಾಗಿತ್ತು. ಗಾಳಿ ತೆಗೆದು ಕಬ್ಬಿಣದ ಸ್ಪ್ರಿಂಗ್ ಹಾಕಿಸು ಎಂದು ಆಗ ಹೇಳದವರೇ ಇಲ್ಲ. ಹಾಕಿಸಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನಿರುವುದು ಡೆಟ್ರಾಯಿಟ್ ಪಕ್ಕದ ನೋವೈನಲ್ಲಿ. ಈ ಕಾರು ಹುಟ್ಟಿದ ವಿಕ್ಸಮ್ ಕಾರ್ಖಾನೆ ಇದ್ದ ಜಾಗ ನಮ್ಮ ಮನೆಯಿಂದ ಹತ್ತು ಹದಿನೈದು ನಿಮಿಷ. 1957ರಿಂದ 2007ರವರೆಗೆ ಅಲ್ಲಿ ಲಿಂಕನ್‌ಗಳು ತಯಾರಾದವು. ಈಗ ಹೆದ್ದಾರಿಯಿಂದ ನೋಡಿದರೆ ಕುರುಹೂ ಕಾಣುವುದಿಲ್ಲ. ನನ್ನದು 1997ರ ಗಾಡಿ, ತೆಗೆದುಕೊಂಡಾಗ 1,18,000 ಮೈಲಿ ಓಡಿತ್ತು, ಕೊಟ್ಟದ್ದು 2,300 ಡಾಲರ್. 4.6 ಲೀಟರಿನ 32 ವಾಲ್ವ್ ವಿ8, 280 ಕುದುರೆ ಶಕ್ತಿ. ಎಂಜಿನ್ ಬಗ್ಗೆ ನನ್ನದು ಒಂದು ದೂರೂ ಇಲ್ಲ. ಗೇರ್‌ಬಾಕ್ಸ್ ಬಗ್ಗೆ ಒಂದಿತ್ತು: ನಲವತ್ತು ನಲವತ್ತೈದು ಮೈಲಿ ವೇಗದಲ್ಲಿ ಹಲಗೆ ಸೇತುವೆ ದಾಟಿದ ಹಾಗೆ ನಡುಗುತ್ತಿತ್ತು. ಪ್ಯಾನ್ ಇಳಿಸಿ ಸುಮ್ಮನಾಗದೆ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಟಾರ್ಕ್ ಕನ್ವರ್ಟರಿನ ಪ್ಲಗ್ಗನ್ನೂ ಬಿಚ್ಚಿ ಹಳೆಯ ಎಣ್ಣೆ ಪೂರ್ತಿ ಬಸಿದು ಮರ್ಕಾನ್ ಫೈವ್ ಎನ್ನುವ ಗೇರ್‌ಬಾಕ್ಸ್ ಎಣ್ಣೆ ತುಂಬಿದೆ. ಹದಿಮೂರು ಕ್ವಾರ್ಟ್ ಹತ್ತಿರ ಕುಡಿಯಿತೆಂದು ನೆನಪು. ನಡುಕ ಅವತ್ತೇ ನಿಂತಿತು.

ಗಾಳಿಯ ಕಥೆ ಅಷ್ಟು ಸಲೀಸಲ್ಲ. ಒಂದು ವರ್ಕ್‌ಶಾಪಿನವರು ನಾಲ್ಕೂ ಏರ್ ಬ್ಯಾಗ್ (ಅದೇ ಚಕ್ರದ ಮೇಲಿನ ಗಾಳಿ ಚೀಲ), ಅವಕ್ಕೆ ಗಾಳಿ ತುಂಬುವ ಕಂಪ್ರೆಸರ್, ಕೂಲಿ ಎಲ್ಲ ಸೇರಿ 2,800 ಡಾಲರ್ ಹೇಳಿದರು. ಕಾರಿನ ಬೆಲೆಗಿಂತ ಜಾಸ್ತಿ. ಸ್ಪ್ರಿಂಗ್ ಕಿಟ್ಟಾದರೆ ಏಳುನೂರರ ಆಸುಪಾಸು, ಒಂದು ಶನಿವಾರದ ಕೆಲಸ. ಉಡುಪಿ ಕಡೆಯ ಸ್ನೇಹಿತನೊಬ್ಬ, ಕೈಯಲ್ಲಿ ಒಳ್ಳೆ ಕೆಲಸ ಇರುವವನೇ, "ಆ ಗಾಳಿ ಸಹವಾಸ ಬಿಟ್ಟು ಸ್ಪ್ರಿಂಗ್ ಹಾಕು ಮಾರಾಯ, ನೆಮ್ಮದಿಯಾಗಿ ನಿದ್ದೆ ಮಾಡು" ಅಂದ. ಆದರೆ ಐ-96 ಹೆದ್ದಾರಿಯಲ್ಲಿ ಐವತ್ತೈದು ಮೈಲಿ ದಾಟಿದ ಮೇಲೆ ಈ ಕಾರು ತಾನಾಗಿ ಮುಕ್ಕಾಲು ಇಂಚು ತಗ್ಗಿ ರಸ್ತೆಗೆ ಅಂಟಿಕೊಳ್ಳುವುದನ್ನು ಒಮ್ಮೆ ಅನುಭವಿಸಿದವನಿಗೆ ಸ್ಪ್ರಿಂಗ್ ಹಾಕಲು ಮನಸ್ಸು ಬರುವುದಿಲ್ಲ. ಅದನ್ನು ತೆಗೆದರೆ ಉಳಿಯುವುದು ಉದ್ದ ಮೂತಿಯ ಥಂಡರ್‌ಬರ್ಡ್, ಇದರ ಸೋದರನಂಥ ಸಾದಾ ಫೋರ್ಡ್ ಕಾರು.

ಮೊದಲು ಮಾಡಿದ ತಪ್ಪು ಎಲ್ಲರೂ ಮಾಡುವುದೇ. ಕಾರು ಏಳುತ್ತಿಲ್ಲ, ಅಂದರೆ ಕಂಪ್ರೆಸರ್ ಹೋಗಿದೆ ಅಂದುಕೊಂಡೆ. 140 ಡಾಲರಿನದು ಹಾಕಿದೆ, ಐದು ವಾರಕ್ಕೆ ಸುಟ್ಟಿತು. 190ರದು ತಂದೆ, ಅದು ಎರಡು ತಿಂಗಳು ಬಾಳಿತು. ಎರಡನೆಯದು ಸುಟ್ಟ ದಿನ ಕೆಳಗೆ ಕೈಯಿಟ್ಟರೆ, ಕಂಪ್ರೆಸರಿಗೆ ಕರೆಂಟು ಕೊಟ್ಟು ನಿಲ್ಲಿಸುವ ರಿಲೇ ಕಾದ ಕಾವಲಿಯಾಗಿತ್ತು. ಒಳಗಿನ ಸಂಪರ್ಕ ಅಂಟಿಕೊಂಡು, ಕೀ ತೆಗೆದ ಮೇಲೂ ಕಂಪ್ರೆಸರ್ ಓಡುತ್ತಲೇ ಇತ್ತು. ಅಲ್ಲಿಗೆ ನನಗೆ ಲೆಕ್ಕ ಹತ್ತಿತು. ಈ ಪುಟ್ಟ ಪಂಪು ಸ್ವಲ್ಪ ಹೊತ್ತು ಓಡಿ ನಿಲ್ಲಲಿಕ್ಕೆ ಮಾಡಿದ್ದು. ಸೋರುವ ಕಾರನ್ನು ದಿನವಿಡೀ ಎತ್ತಿ ಹಿಡಿ ಅಂದರೆ ಮೊದಲು ಗಾಳಿಯ ತೇವ ಹೀರುವ ಅದರ ಡ್ರೈಯರ್ ಒದ್ದೆಯಾಗುತ್ತೆ, ಆಮೇಲೆ ಪಿಸ್ಟನ್ ಸೀಲ್ ಸವೆಯುತ್ತೆ, ಕೊನೆಗೆ ರಿಲೇ ಅಂಟುತ್ತೆ. ಹಾಗಾಗಿ ಸೋರಿಕೆ ಮೊದಲು, ಕಂಪ್ರೆಸರ್ ಕೊನೆಗೆ. 330 ಡಾಲರ್ ಕೊಟ್ಟು ಕಲಿತ ಪಾಠ ಇದು.

ಸೋರಿಕೆ ಹುಡುಕುವುದಕ್ಕೆ ನನ್ನ ಗುರು ನನ್ನ ಸೋದರಮಾವ. ಅರಸೀಕೆರೆಯಲ್ಲಿ ಅವರದು ಸೈಕಲ್ ಅಂಗಡಿ. ಟ್ಯೂಬನ್ನು ಬೋಗುಣಿಯ ನೀರಿನಲ್ಲಿ ಮೆಲ್ಲಗೆ ತಿರುಗಿಸುತ್ತಾ, ಒಂದು ತೂತು ಸಿಕ್ಕಿದರೂ ನಿಲ್ಲಿಸದೆ ಪೂರ್ತಿ ಸುತ್ತು ಮುಗಿಸುತ್ತಿದ್ದರು. "ಒಂದೇ ಅಂತ ನಂಬಬೇಡ ಕಣೋ" ಅನ್ನುತ್ತಿದ್ದರು. ಕಾರಿಗೂ ಅದನ್ನೇ ಮಾಡಿದೆ. ಸಂಜೆ ಕಾರು ಪೂರ್ತಿ ಎದ್ದ ಮೇಲೆ ಡಿಕ್ಕಿಯೊಳಗಿನ ಏರ್ ಸಸ್ಪೆನ್ಷನ್ ಸ್ವಿಚ್ ಆಫ್. ಆಗ ಸೊಲೆನಾಯ್ಡ್‌ಗಳು, ಅಂದರೆ ಪ್ರತಿ ಬ್ಯಾಗಿಗೂ ಇರುವ ಕರೆಂಟಿನ ವಾಲ್ವುಗಳು, ಮುಚ್ಚಿರುತ್ತವೆ, ಪ್ರತಿ ಮೂಲೆಯೂ ಒಂಟಿ, ಯಾವುದರ ಸೋರಿಕೆ ಯಾವುದರ ಮೇಲೂ ಬೀಳುವುದಿಲ್ಲ. ನಾಲ್ಕೂ ಚಕ್ರದ ಮೇಲೆ ಮಡ್‌ಗಾರ್ಡಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಚಕ್ರದ ನಡುವಿನಿಂದ ಅಲ್ಲಿಗೆ ಅಳೆದು ಬರೆದಿಟ್ಟೆ. ಹನ್ನೆರಡು ಗಂಟೆ ಬಿಟ್ಟು ಮತ್ತೆ ಅಳತೆ. ಮೊದಲ ರಾತ್ರಿಯ ಲೆಕ್ಕ ಹೆಚ್ಚುಕಡಿಮೆ ಹೀಗಿತ್ತು: ಮುಂದೆ ಬಲಕ್ಕೆ ಎರಡೂವರೆ ಇಂಚು, ಮುಂದೆ ಎಡಕ್ಕೆ ಅರ್ಧ, ಹಿಂದೆ ಎಡಕ್ಕೆ ಒಂದು, ಹಿಂದೆ ಬಲಕ್ಕೆ ಸೊನ್ನೆ. ನಾಲ್ಕೂ ಬ್ಯಾಗ್ ಹೋಗಿದೆ ಎಂದಿದ್ದ ವರ್ಕ್‌ಶಾಪಿನ ಮಾತು ಆ ಸೊನ್ನೆಯಲ್ಲೇ ಬಿದ್ದುಹೋಯಿತು. ಒಂದು ರಾತ್ರಿಯ ಅಳತೆಯನ್ನು ನಾನು ನಂಬಲಿಲ್ಲ. ಮೂರು ರಾತ್ರಿ ಬರೆದೆ, ಮೂರೂ ತಾಳೆಯಾದವು.

ಆಮೇಲೆ ಸೊಲೆನಾಯ್ಡ್‌ಗಳ ಓ-ರಿಂಗು, ಗಾಳಿ ಸೋರದಂತೆ ಹಾಕುವ ರಬ್ಬರ್ ಬಳೆ. ಒಂದೊಂದಕ್ಕೆ ಎರಡೆರಡು. ಕ್ಲಿಪ್ ತೆಗೆದು ಮೊದಲ ತಡೆಯವರೆಗೆ ತಿರುಗಿಸಿ, ಬುಸ್ಸೆನ್ನುವುದು ಪೂರ್ತಿ ನಿಲ್ಲುವವರೆಗೆ ಕಾದು, ಆಮೇಲೆ ಎರಡನೆಯ ತಡೆ ದಾಟಿಸಿ ಎಳೆಯಬೇಕು. ಕಾರು ಜಾಕ್ ಸ್ಟ್ಯಾಂಡಿನ ಮೇಲಿರಲಿ, ಸ್ವಿಚ್ ಆಫ್ ಇರಲಿ. ಇದು ಗೊತ್ತಿದ್ದವರಿಗೂ ಮತ್ತೆ ಹೇಳುತ್ತೇನೆ: ಸ್ವಿಚ್ ಆನ್ ಇರುವ ಕಾರಿನ ಕೆಳಗೆ ತಲೆ ಹಾಕಬೇಡಿ. ಹಳೆಯ ರಿಂಗುಗಳು ಚಪ್ಪಟೆಯಾಗಿ ಬಳೆಚೂರಿನ ಹಾಗೆ ಗಡುಸಾಗಿದ್ದವು. ಹಾರ್ಡ್‌ವೇರ್ ಅಂಗಡಿಯ ಪೆಟ್ಟಿಗೆಯಿಂದ ಅದೇ ಅಳತೆಯವನ್ನು ಹಾಕಿದೆ. ಅಕ್ಟೋಬರಿನಲ್ಲಿ ಚೆನ್ನಾಗಿತ್ತು, ಡಿಸೆಂಬರಿನ ಮೊದಲ ಹಿಮಕ್ಕೆ ಕಾರು ಮತ್ತೆ ಕೂತಿತು. ಚಳಿಗೆ ರಬ್ಬರ್ ಸೆಟೆದುಕೊಂಡು ಸೋರುತ್ತದೆ. ರಬ್ಬರಿನ ಜಾತಿ ಬದಲಿಸಿದೆ, ದಪ್ಪದಲ್ಲೂ ಕೂದಲೆಳೆಯಷ್ಟು ವ್ಯತ್ಯಾಸ ಮಾಡಿದೆ. ಯಾವ ರಬ್ಬರು, ಎಷ್ಟು ದಪ್ಪ ಎನ್ನುವುದನ್ನು ಇಲ್ಲಿ ಹೇಳುವುದಿಲ್ಲ. ಮೂರು ಚಳಿಗಾಲ ಕೊಟ್ಟು ಗಳಿಸಿದ್ದು ಅದು. ಸಿಲಿಕೋನ್ ಗ್ರೀಸ್ ಮಾತ್ರ ಹಚ್ಚಿ, ಪೆಟ್ರೋಲಿಯಂ ಜೆಲ್ಲಿ ಬೇಡ ಎಂದಷ್ಟು ಹೇಳಬಲ್ಲೆ. ಒಟ್ಟು ಖರ್ಚು ಹನ್ನೆರಡು ಡಾಲರ್. ಮುಂದಿನ ಎಡಗಡೆ ಅಷ್ಟಕ್ಕೇ ಸರಿಯಾಯಿತು, ಹಿಂದಿನ ಎಡಗಡೆ ಮುಕ್ಕಾಲು ಪಾಲು ಸರಿಯಾಯಿತು.

ಮುಂದಿನ ಬಲಗಡೆ ಬಗ್ಗಲಿಲ್ಲ. ಮುಂದಿನ ಬ್ಯಾಗೂ ಶಾಕ್ ಅಬ್ಸಾರ್ಬರೂ ಒಂದೇ ತುಂಡು, ಇಡಿಯಾಗಿ ಬಿಚ್ಚಿ ಗಾಳಿ ತುಂಬಿ ನೀರಿನ ತೊಟ್ಟಿಗೆ ಇಳಿಸಿದೆ. ರಬ್ಬರ್ ಮಡಿಚುವ ಜಾಗದಲ್ಲಿ ಸಾಸಿವೆ ಸಿಡಿದ ಹಾಗೆ ಗುಳ್ಳೆಗಳ ಸಾಲು. ಅದಕ್ಕೆ ಮದ್ದಿಲ್ಲ, ಜೋಡಿಯನ್ನೇ ಹೊಸದಾಗಿ ತಂದೆ, 430 ಡಾಲರ್. ಅದೇ ಹುರುಪಿನಲ್ಲಿ ಹಿಂದಿನ ಎಡದ ಬ್ಯಾಗನ್ನೂ ಬಿಚ್ಚಿ ಬೆಂಚಿನ ಮೇಲಿಟ್ಟು ಗಾಳಿ ತುಂಬಿದೆ. ಮುಂದಿನದನ್ನು ಅದರೊಳಗಿನ ಶಾಕ್ ಹಿಡಿದಿರುತ್ತೆ. ಹಿಂದಿನದನ್ನು ಹಿಡಿಯುವವರು ಯಾರೂ ಇಲ್ಲ. ಕೆಳಗಿನ ಪಿಸ್ಟನ್ನಿನಿಂದ ಕಿತ್ತುಕೊಂಡು ಸೂರಿಗೆ ಬಡಿಯಿತು. ಮುಖ ಉಳಿದದ್ದು ದೇವರ ದಯೆ. 95 ಡಾಲರ್ ಕೊಟ್ಟು ಬೇರೆ ಬ್ಯಾಗ್ ತಂದೆ. ಈಗ ಎರಡು ದಪ್ಪ ಹಲಗೆ, ತಿರುಪು ಕೊರೆದ ನಾಲ್ಕು ಉದ್ದನೆಯ ಸರಳು ಹಾಕಿ, ಕಾರಿನಲ್ಲಿ ಎಷ್ಟು ಎತ್ತರಕ್ಕಿರುತ್ತೋ ಅಷ್ಟಕ್ಕೇ ಬಿಗಿದು ಪರೀಕ್ಷೆ ಮಾಡುತ್ತೇನೆ. ಈ ಸಾಧನ ಬೇರೆ ಯಾರ ಗ್ಯಾರೇಜಿನಲ್ಲೂ ನಾನು ನೋಡಿಲ್ಲ.

ಎಲ್ಲ ಮುಚ್ಚಿಕೊಂಡ ಮೇಲೆ ಮೂರನೆಯ ಕಂಪ್ರೆಸರ್. ಈ ಸಲ ಹೊಸದು ಕೊಳ್ಳಲಿಲ್ಲ. ಗುಜರಿಯಿಂದ 35 ಡಾಲರಿಗೆ ಅಸಲಿಯದನ್ನು ಬಿಚ್ಚಿ ತಂದು, ಪಿಸ್ಟನ್ ಸೀಲ್ ಬದಲಿಸಿ, 18 ಡಾಲರಿನ ಹೊಸ ರಿಲೇ ಜೊತೆ ಹಾಕಿದೆ. ಇವತ್ತಿಗೂ ಓಡುತ್ತಿದೆ. ಡ್ರೈಯರಿನೊಳಗಿನ ಹಳೆಯ ಮಣಿಗಳನ್ನು ಗ್ಯಾರೇಜಿನ ಪುಟ್ಟ ಓವನ್ನಿನಲ್ಲಿ ನೂರಿಪ್ಪತ್ತು ಡಿಗ್ರಿಗೆ ಮೂರು ಗಂಟೆ ಹುರಿದು ಮತ್ತೆ ತುಂಬುವ ಪ್ರಯೋಗವನ್ನೂ ಮಾಡಿದೆ. ತೂಕ ಕಡಿಮೆಯಾದದ್ದು ತಕ್ಕಡಿಯಲ್ಲಿ ಕಂಡಿತು, ಆದರೆ ಎಣ್ಣೆ ಹೀರಿದ ಮಣಿಗೆ ಜೀವ ಬರಲಿಲ್ಲ. ಬಣ್ಣ ಬದಲಿಸುವ ಹೊಸ ಸಿಲಿಕಾ ಜೆಲ್ ಹಾಕಿದ್ದೇನೆ, ವರ್ಷಕ್ಕೊಮ್ಮೆ ಬಿಚ್ಚಿ ನೋಡುತ್ತೇನೆ.

ಗುಜರಿಯ ವಿಷಯಕ್ಕೆ ಬಂದರೆ, ಮಾರ್ಕ್ ಎಯ್ಟ್ ಕೊನೆಯದಾಗಿ ತಯಾರಾದದ್ದು 1998ರಲ್ಲಿ. ನಾವೇ ಬಿಚ್ಚಿಕೊಂಡು ಹೋಗುವ ಗುಜರಿಗಳಲ್ಲಿ ಮೊದಲು ತಿಂಗಳಿಗೊಂದು ಸಿಗುತ್ತಿತ್ತು, ಈಗ ವರ್ಷಕ್ಕೊಂದು ಕಂಡರೆ ಪುಣ್ಯ. ಅಡಿಯ ಸಾಮಾನಿಗೆ ಫೋರ್ಡ್ ಥಂಡರ್‌ಬರ್ಡ್, ಮರ್ಕ್ಯುರಿ ಕೂಗರ್ ಕಾರುಗಳನ್ನು ನೋಡಿ. ಮುಂದಿನ ಮೇಲಿನ ಆರ್ಮ್‌ಗಳನ್ನು ನಾನು ಹಾಗೇ ಹೊಂದಿಸಿದ್ದು. ಗೇರ್‌ಬಾಕ್ಸಿನ ಸಾಮಾನಿಗೆ ಫೋರ್ಡ್ ಕ್ರೌನ್ ವಿಕ್ಟೋರಿಯ. ಇನ್ನು ನಾನು ಪಾಲಿಸುವ ಒಂದು ನಿಯಮ: ಲೋಹ ಅರಿಜೋನಾದ್ದು, ರಬ್ಬರ್ ಮತ್ತು ಪ್ಲಾಸ್ಟಿಕ್ ಮಿಷಿಗನ್ನಿನದು. ಇಲ್ಲಿನ ರಸ್ತೆಯ ಉಪ್ಪು ಬೋಲ್ಟುಗಳನ್ನು ತಿಂದುಹಾಕುತ್ತೆ, ಅಲ್ಲಿನ ಬಿಸಿಲು ಡ್ಯಾಶ್‌ಬೋರ್ಡನ್ನೂ ಬಾಗಿಲ ಪಟ್ಟಿಗಳನ್ನೂ ಹಪ್ಪಳ ಮಾಡುತ್ತೆ. ಅರಿಜೋನಾದಿಂದ ಬಾಗಿಲ ರಬ್ಬರ್ ತರಿಸಿ ಅಂಚೆ ಖರ್ಚು ಸೇರಿ 80 ಡಾಲರ್ ಕಳೆದುಕೊಂಡಿದ್ದೇನೆ. ಪೊಟ್ಟಣ ಬಿಚ್ಚುವಾಗಲೇ ತುಂಡಾಯಿತು.

ನಿಯಾನ್ ದೀಪದ್ದೂ ಹೇಳಲೇಬೇಕು. 1997, 98ರ ಗಾಡಿಗಳಿಗೆ ಡಿಕ್ಕಿ ಬಾಗಿಲಿನ ಉದ್ದಕ್ಕೂ ನಿಯಾನ್ ಬ್ರೇಕ್ ದೀಪವಿದೆ. ನನ್ನದು ಮಿಣುಕತೊಡಗಿದಾಗ, ಕೆಟ್ಟುಹೋದ ಬೇರೊಂದು ದೀಪ ತಂದು ಅದರೊಳಗೆ ಎಲ್‌ಇಡಿ ಪಟ್ಟಿ ಕೂರಿಸಿ ಎರಡು ವಾರ ಓಡಿಸಿದೆ. ಬೆಳಕು ಬಂತು, ಆದರೆ ಮಣಿ ಪೋಣಿಸಿದ ಹಾಗೆ ಚುಕ್ಕಿ ಚುಕ್ಕಿ. ನಿಯಾನ್ ಒಂದೇ ಗೆರೆ ಎಳೆದಂತೆ ಉರಿಯುತ್ತೆ, ಆ ಕೆಂಪು ಬೇರೆಯೇ. ಕಿತ್ತುಹಾಕಿದೆ. ಕೊನೆಗೆ ನೋಡಿದರೆ ಕೊಳವೆ ಸರಿಯಾಗಿಯೇ ಇತ್ತು, ಅದಕ್ಕೆ ವಿದ್ಯುತ್ ಕೊಡುವ ಪೆಟ್ಟಿಗೆಗೆ ನೀರು ಹೋಗಿತ್ತು. ಒಣಗಿಸಿ, ಎರಡು ಬೆಸುಗೆ ಮತ್ತೆ ಹಾಕಿ, ಮುಚ್ಚಳಕ್ಕೆ ಸೀಲ್ ಹಾಕಿದೆ. ದೀಪವನ್ನೇ ಬದಲಿಸಲು ಹೊರಡುವವರು ಮೊದಲು ಆ ಪೆಟ್ಟಿಗೆ ಬಿಚ್ಚಿ ನೋಡಿ.

ಗಾಳಿಗೆ ಉಪಯೋಗಕ್ಕೆ ಬಂದ ಖರ್ಚು, ಪೈಪು, ಕನೆಕ್ಟರು, ಸಣ್ಣಪುಟ್ಟದ್ದೆಲ್ಲ ಸೇರಿ ಆರುನೂರಕ್ಕೂ ಸ್ವಲ್ಪ ಮೇಲೆ. ಸುಟ್ಟ ಕಂಪ್ರೆಸರುಗಳದ್ದು ಬೇರೆ. ಎಲ್ಲ ಕೂಡಿದರೆ ಸ್ಪ್ರಿಂಗ್ ಕಿಟ್ಟಿಗಿಂತ ಜಾಸ್ತಿಯೇ ಆಗಿದೆ, ಅದನ್ನು ಮುಚ್ಚಿಡುವುದಿಲ್ಲ. ವರ್ಕ್‌ಶಾಪಿನ ಲೆಕ್ಕದ ಅರ್ಧವೂ ಆಗಿಲ್ಲ. ಹೋದ ಬೇಸಿಗೆಯಲ್ಲಿ ಉಡುಪಿಯ ಸ್ನೇಹಿತನನ್ನು ಕೂರಿಸಿಕೊಂಡು ಗ್ರ್ಯಾಂಡ್ ರ‍್ಯಾಪಿಡ್ಸ್‌ವರೆಗೆ ಹೋಗಿ ಬಂದೆ. ಕಾರು ತಗ್ಗಿದ್ದು ಅವನಿಗೂ ಗೊತ್ತಾಯಿತು, ಬಾಯಿಬಿಟ್ಟು ಏನೂ ಹೇಳಲಿಲ್ಲ.

ಹಿಂದಿನ ಎಡಗಡೆಯ ಆ ಕಾಲು ಇಂಚು ಇನ್ನೂ ಬಾಕಿ. ಬ್ಯಾಗ್ ಒಳ್ಳೆಯದಿದೆ, ಹಲಗೆಯ ನಡುವೆ ಹಾಕಿ ನೋಡಿದ್ದೇನೆ. ಸೊಲೆನಾಯ್ಡ್ ಕೂರುವ ತೂತಿನ ಗೋಡೆಯಲ್ಲೇ ಒಂದು ಗೀರಿರಬೇಕು. ಚಳಿ ಕಳೆದು ಮೇ ಬರಲಿ, ಬಿಚ್ಚಿ ನೋಡುತ್ತೇನೆ.